ಗಾಳಿ ಹರಿದಷ್ಟೇ

ಬೆಳಕು ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಪುರಭವನದ ಹಿಂಬಾಗಿಲ ಮೆಟ್ಟಿಲ ಮೇಲೆ ಸೂಜಿಯಮ್ಮ ಕಾಲು ಚಾಚಿ ಕೂತಿದ್ದಾರೆ. ಕೊರಳಲ್ಲಿ ಅಳತೆಯ ಟೇಪು, ತುಟಿಗಳ ನಡುವೆ ಎರಡು ಗುಂಡುಪಿನ್ನು, ತೊಡೆಯ ಮೇಲೆ ಬೂದು ಬಣ್ಣದ ಹಳೇ ಬಾವುಟ. ಅದರ ತುದಿಯಲ್ಲಿ ಕೆಂಪು ಪಟ್ಟಿ. ಪಟ್ಟಿಯ ಅಂಚು ಎಳೆ ಎಳೆಯಾಗಿ ಬಿಚ್ಚಿಕೊಂಡಿದೆ. ಒಳಗೆ ದೀಪವಿದೆ, ಮೇಜಿದೆ, ಹೊಲಿಗೆ ಯಂತ್ರವೂ ಇದೆ. ಆದರೂ ಈ ಕೆಲಸಕ್ಕೆ ಅವರು ಮೆಟ್ಟಿಲಿಗೇ ಬರುವುದು.

"ಬಲ್ಬಿನ ಕೆಳಗೆ ಕೆಂಪು ನೂಲು ಸುಳ್ಳು ಹೇಳುತ್ತೆ. ಎಲ್ಲಾ ಕೆಂಪೂ ಒಂದೇ ಥರ ಕಾಣ್ಸುತ್ತೆ. ಬೆಳಗಿನ ಬೆಳಕಿಗೆ ಮೋಸ ಮಾಡೋಕೆ ಬರಲ್ಲ" ಎನ್ನುತ್ತಾರೆ, ಪಿನ್ನು ಬಾಯಿಂದ ತೆಗೆಯದೆಯೇ.

ಪುರಭವನಕ್ಕೆ ಬಂದುಹೋಗುವವರಿಗೆ ಇಲ್ಲೊಬ್ಬರು ದರ್ಜಿ ಇದ್ದಾರೆಂಬುದೇ ಗೊತ್ತಿಲ್ಲ. ಸಭಾಂಗಣದ ಪರದೆ, ಕುರ್ಚಿಗಳ ಗವುಸು, ಕಾವಲುಗಾರರ ಕೋಟಿನ ಕಿತ್ತುಹೋದ ಗುಂಡಿ, ಅಧ್ಯಕ್ಷರ ಮೇಜಿನ ಹಸಿರು ಬಟ್ಟೆ ಎಲ್ಲವೂ ಇವರ ಕೈ ದಾಟಿಯೇ ಹೋಗಬೇಕು. ಅಧ್ಯಕ್ಷರು ಬದಲಾಗುತ್ತಲೇ ಇರುತ್ತಾರೆ, ಮೇಜಿನ ಬಟ್ಟೆ ಮಾತ್ರ ಅದೇ. ಮುಂದಿನ ಚೌಕದ ಕಂಬಗಳಲ್ಲಿ ಹಾರುವ ಬಾವುಟಗಳ ಪಾಲನೆಯೂ ಸೂಜಿಯಮ್ಮನದೇ. ಒಂದು ದೇಶದ್ದು, ಒಂದು ಊರಿನದು. ಮೂರನೆಯದೇ ಈ ಹಳೇ ಬಾವುಟ. ಊರು ಎರಡು ಹೋಳಾಗಿರುವುದು ಇದರಿಂದ.

ಒಂದು ಕಾಲದಲ್ಲಿ ಈ ನೆಲದ ಜನ ತಮ್ಮತಮ್ಮಲ್ಲೇ ಹೊಡೆದಾಡಿಕೊಂಡರು. ಒಂದು ಕಡೆಯವರು ಈ ಬಾವುಟ ಹಿಡಿದು ಊರನ್ನು ಗೆದ್ದರು, ಸ್ವಲ್ಪ ಕಾಲ ಆಳಿದರು, ಆಮೇಲೆ ಸೋತರು. ರಾಜಿಯಾದಾಗ ಅವರ ಸತ್ತವರ ನೆನಪಿಗೆಂದು ಬಾವುಟವನ್ನು ಕಂಬದಲ್ಲೇ ಉಳಿಸಿದರು. ಅಂದಿನಿಂದ ಅರ್ಧ ಊರಿಗೆ ಆ ಕೆಂಪು ಪಟ್ಟಿ ತಮ್ಮ ಮಕ್ಕಳು ಚೆಲ್ಲಿದ ರಕ್ತ. ಇನ್ನರ್ಧ ಊರಿಗೆ, ಅವರು ಚೆಲ್ಲಿಸಿದ ರಕ್ತ.

ಸೂಜಿಯಮ್ಮನ ಅಣ್ಣ ಬ್ರೆಡ್ಡಿನ ಭಟ್ಟಿಯಲ್ಲಿ ಕೆಲಸಕ್ಕಿದ್ದವನು. ಯಾರ ತಂಟೆಗೂ ಹೋದವನಲ್ಲ. ಈ ಬಾವುಟ ಹಿಡಿದವರು ಒಂದು ಬೆಳಿಗ್ಗೆ ಬಂದು, ಹಿಟ್ಟಿನ ಕೈಯನ್ನೂ ತೊಳೆಯಗೊಡದೆ ಅವನನ್ನು ಕರೆದೊಯ್ದರು. ಹೋದವನು ಹೋದ. ಹೆಣವೂ ಸಿಗಲಿಲ್ಲ. ಮನೆಯಲ್ಲಿ ಉಳಿದವರು ಇಬ್ಬರೇ, ಅವನ ಹೆಂಡತಿ ಮತ್ತು ತಂಗಿ. ಅತ್ತಿಗೆ ಆವತ್ತೇ ಒಂದು ಮಾತು ಹೇಳಿದರು: ಆ ಬಟ್ಟೆ ಹಾರುವಷ್ಟು ದಿನ ಆ ಚೌಕದಲ್ಲಿ ಕಾಲಿಡುವುದಿಲ್ಲ. ಇಡಲಿಲ್ಲ. ಸಂತೆಗೂ ಆಸ್ಪತ್ರೆಗೂ ಊರು ಸುತ್ತಿಕೊಂಡೇ ಹೋದರು.

ಹೊಟ್ಟೆ ಕೇಳಬೇಕಲ್ಲ. ಅಲ್ಲಿ ಇಲ್ಲಿ ಅಲೆದ ತಂಗಿಗೆ ಕೊನೆಗೆ ಸಿಕ್ಕಿದ್ದು ಪುರಭವನದ ಹೊಲಿಗೆ ಕೆಲಸ. ಸೇರಿದ ವಾರದಲ್ಲೇ ಮುದಿ ದರ್ಜಿ ಈ ಬಾವುಟವನ್ನು ತಂದು ಮಡಿಲಿಗೆ ಹಾಕಿದ.

"ಕೋಪ ಇರಲಿಲ್ವಾ ಅಂದ್ರೆ, ಇತ್ತು. ಕತ್ತರಿ ಹಿಡಿದ್ರೆ ಉದ್ದಕ್ಕೂ ಸೀಳಿಬಿಡ್ಲಾ ಅನ್ಸೋದು. ಆದ್ರೆ ಸೀಳಿದ್ರೆ ಮತ್ತೆ ಹೊಲಿಯೋಳು ನಾನೇ ತಾನೆ?" ಎಂದು ನಗುತ್ತಾರೆ ಸೂಜಿಯಮ್ಮ. ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. "ಮನೇಲಿ ಅತ್ತಿಗೆ ಕೇಳಿದ್ರು, ಅಲ್ಲಿ ಏನು ಕೆಲಸ ಅಂತ. ಪರದೆ ಹೊಲಿಯೋದು ಅಂದೆ. ಸುಳ್ಳೇನಲ್ಲ. ಪೂರ್ತಿ ನಿಜಾನೂ ಅಲ್ಲ."

ಬಾವುಟ ರಿಪೇರಿಗೆ ಒಂದು ಕಟ್ಟಳೆಯಿದೆ. ಹರಿದ ಕಡೆ ತೇಪೆ ಹಾಕುವಂತಿಲ್ಲ. ತೇಪೆಯ ಭಾರಕ್ಕೆ ಬಟ್ಟೆ ಇನ್ನೂ ಜೋರಾಗಿ ಬಡಿದುಕೊಂಡು ಮತ್ತಷ್ಟು ಹರಿಯುತ್ತದೆ. ಕಂಬಕ್ಕೆ ಕಟ್ಟಿದ ಬದಿಗೆ ಏನೂ ಆಗದು, ಗಾಳಿ ತಿನ್ನುವುದು ಕಟ್ಟಿಲ್ಲದೆ ಹಾರುವ ತುದಿಯನ್ನು. ಆ ಎಳೆಬಿಟ್ಟ ಅಂಚನ್ನು ನೇರವಾಗಿ ಕತ್ತರಿಸಿ, ಎರಡು ಮಡಿಕೆ ಮಡಿಚಿ, ಹೊಸದಾಗಿ ಹೊಲಿಯಬೇಕು. ಕತ್ತರಿಸಿದ ಚೂರನ್ನು ಕಸಕ್ಕೆ ಎಸೆಯದೆ ಬೆಂಕಿಗೆ ಹಾಕಬೇಕು. ಮುದಿ ದರ್ಜಿ ಕಲಿಸಿದ್ದನ್ನು ಸೂಜಿಯಮ್ಮ ಚಾಚೂ ತಪ್ಪದೆ ಮಾಡಿಕೊಂಡು ಬಂದರು. ಗಾಳಿಯ ಕಾಲ ಮುಗಿದಾಗಲೆಲ್ಲ ಒಂದಿಷ್ಟು ಕೆಂಪು ಹೋಗುತ್ತಿತ್ತು. ಮೊದಲು ಮೊಳದಗಲವಿದ್ದ ಪಟ್ಟಿ ಗೇಣಾಯಿತು, ಗೇಣಿದ್ದದ್ದು ನಾಲ್ಕು ಬೆರಳಾಯಿತು. ಪರ ವಿರೋಧ ಎಂದು ಗಂಟಲು ಹರಿದುಕೊಂಡವರಲ್ಲಿ ಒಬ್ಬರಾದರೂ ಅದನ್ನು ಗಮನಿಸಿರಲಿಲ್ಲ. ಬಾವುಟಕ್ಕಾಗಿ ಹೊಡೆದಾಡುವವರಿಗೆ ಬಾವುಟ ನೋಡಲು ಪುರುಸೊತ್ತೆಲ್ಲಿ?

ನೋಡುತ್ತಿದ್ದವರು ತುತ್ತೂರಿ ತಾತ ಒಬ್ಬರೇ. ಸೋತ ಕಡೆಯ ಪಡೆಯಲ್ಲಿ ಇವರ ಮಗ ತುತ್ತೂರಿ ಊದುತ್ತಿದ್ದನಂತೆ, ಮೀಸೆ ಬರುವ ಮೊದಲೇ ಸತ್ತನಂತೆ. ಬೆಳಿಗ್ಗೆ ಕಂಬದ ಕೆಳಗೆ ನಿಂತು, ಟೋಪಿ ತೆಗೆದು, ಸುಮ್ಮನೆ ಹೋಗುವ ಮುದುಕ. ಒಮ್ಮೆ ಮೆಟ್ಟಿಲ ಬಳಿ ಬಂದು, "ನನ್ನ ಮಗನ ಬಟ್ಟೆ ಹೊಲಿದು ಕೊಡ್ತಿದ್ದೀಯ ತಾಯಿ, ನಿನ್ನ ಕೈ ತಣ್ಣಗಿರಲಿ" ಎಂದರು. ಅಣ್ಣನನ್ನು ಎಳೆದೊಯ್ದವರ ಪೈಕಿಯವರು! ಬೈಯಬೇಕೆಂದು ಬಾಯಿ ತೆರೆದ ಸೂಜಿಯಮ್ಮ, ತಲೆ ತಗ್ಗಿಸಿ ಮುಂದಿನ ಹೊಲಿಗೆ ಹಾಕಿದರು.

ಈ ವರ್ಷ ವಾದ ಬೀದಿಗೆ ಬಂತು. ಇಳಿಸಿ ಎಂದು ಒಂದು ಮೆರವಣಿಗೆ, ಮುಟ್ಟಿದರೆ ಜೋಕೆ ಎಂದು ಇನ್ನೊಂದು. ಕೊನೆಗೆ ಪುರಸಭೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ, ಬಾವುಟವನ್ನು ಕಂಬದಿಂದ ಇಳಿಸಿ ಒಳಗೆ ಗಾಜಿನ ಪೆಟ್ಟಿಗೆಯಲ್ಲಿಡುವ ಸೂಚನೆ ಮುಂದಿಟ್ಟು ಸಾರ್ವಜನಿಕ ಸಭೆ ಕರೆಯಿತು. ಎಲ್ಲರಿಗೂ ತೋರಿಸಲೆಂದು ಸಭೆಯ ದಿನ ಬಾವುಟ ಕೆಳಗಿಳಿದಿತ್ತು. ಹಾಗಾಗಿ ಅಣ್ಣ ಹೋದಮೇಲೆ ಅತ್ತಿಗೆ ಮೊದಲ ಬಾರಿಗೆ ಚೌಕ ದಾಟಿ ಬಂದರು, ಮುಂದಿನ ಸಾಲಿನಲ್ಲೇ ಕೂತರು. ಸೂಜಿಯಮ್ಮ ಹಿಂದೆ ಬಾಗಿಲ ಹತ್ತಿರ, ಪರದೆಯ ಮರೆಯಲ್ಲಿ.

ಬಡಗಿ ಚೌಕಟ್ಟನ್ನು ಹೊತ್ತು ತಂದ. ಬಾವುಟವನ್ನು ಉಳಿಸಿದಾಗಿನ ಹಳೆಯ ಆದೇಶದಲ್ಲಿದ್ದ ಅಳತೆಗೆ ಸರಿಯಾಗಿ ಮಾಡಿದ್ದ, ಪಾಪ. ಬಾವುಟವನ್ನು ಅದರಲ್ಲಿ ಹರಡಿದರೆ ಅಪ್ಪನ ಅಂಗಿ ತೊಟ್ಟ ಮಗುವಿನಂತಾಯಿತು. ಒಂದು ಬದಿ ಪೂರಾ ಖಾಲಿ. ಸಭೆಯೇ ಎದ್ದು ನಿಂತಿತು.

"ಯಾರು ಕತ್ತರಿಸಿದ್ದು?" ಎಂದರು ಅಧ್ಯಕ್ಷರು. ಕಾವಲುಗಾರ ಬಾಗಿಲ ಕಡೆ ನೋಡಿದ. ಸೂಜಿಯಮ್ಮ ಮುಂದೆ ಬಂದರು.

ಒಂದು ಕಡೆಯವರು, ಅಣ್ಣನ ಸೇಡು ತೀರಿಸಿಕೊಂಡಳೆಂದು ಕೂಗಿದರು. ಇನ್ನೊಂದು ಕಡೆಯವರಿಗೆ ಹಬ್ಬ: ನಮ್ಮವಳು, ಶತ್ರುವಿನ ಬಾವುಟವನ್ನು ಒಳಗಿದ್ದುಕೊಂಡೇ ಕತ್ತರಿಸಿದ ಗಟ್ಟಿಗಿತ್ತಿ ಎಂದು ಚಪ್ಪಾಳೆ. ಆ ಚಪ್ಪಾಳೆಯ ನಡುವೆ ಅತ್ತಿಗೆ ಹಿಂದಿರುಗಿ ನೋಡಿದರು. ಅವರ ಮುಖದಲ್ಲಿ ಅಂಥ ಬೆಳಕನ್ನು ಸೂಜಿಯಮ್ಮ ಅಣ್ಣ ಇದ್ದಾಗ ಕಂಡದ್ದು, ಆಮೇಲೆ ಕಂಡಿರಲಿಲ್ಲ. ಹೂಂ ಎಂದಿದ್ದರೆ ಸಾಕಿತ್ತು.

"ಗಾಳಿ ಹರಿದಷ್ಟನ್ನೇ ನಾನು ಕತ್ತರಿಸಿದ್ದು" ಎಂದರು ಸೂಜಿಯಮ್ಮ. "ಒಂದು ಎಳೆ ಹೆಚ್ಚು ಮುಟ್ಟಿಲ್ಲ. ಇನ್ನೂ ಬಾಳಿಕೆ ಬರ್ಲಿ ಅಂತಾನೇ ಹೊಲಿದೆ."

ಚಪ್ಪಾಳೆ ನಿಂತಿತು. ಬೈಗುಳವೂ ನಿಂತಿತು. ಅತ್ತಿಗೆ ಎದ್ದರು. "ನಿನ್ನ ಅಣ್ಣನ್ನ ತಿಂದ ಬಟ್ಟೆಗೆ ಬಾಳಿಕೆ ಕೊಟ್ಯಾ?" ಎಂದು ಅಷ್ಟೇ ಕೇಳಿ, ಗೋಡೆ ಹಿಡಿದುಕೊಂಡು ಹೊರನಡೆದರು.

"ಯಾಕೆ ಹೂಂ ಅನ್ಲಿಲ್ಲ ಅಂತ ಎಲ್ರೂ ಕೇಳ್ತಾರೆ" ಎನ್ನುತ್ತಾರೆ ಸೂಜಿಯಮ್ಮ. "ತಾತ ಅಲ್ಲೇ ಕೂತಿದ್ರು, ಟೋಪಿ ಕೈಲಿ ಹಿಡ್ಕೊಂಡು. ಅವರ ಮುಖ ನೋಡ್ಕೊಂಡು ಹೇಗೆ ಅನ್ಲಿ? ಒಂದು ಸುಳ್ಳು ಹೇಳಿ ಅತ್ತಿಗೇನ ಉಳಿಸ್ಕೊಂಡಿದ್ದೆ. ಇನ್ನೊಂದು ಹೇಳೋಕೆ ಮನಸ್ಸು ಬರಲಿಲ್ಲ." ಅವರ ಕಣ್ಣು ತುಂಬುತ್ತದೆ. ಒರೆಸಿಕೊಳ್ಳಲು ಕೈ ಬಿಡುವಿಲ್ಲ, ಅಂಚಿನ ಮಡಿಕೆ ಬಿಚ್ಚಿಹೋದೀತು.

ಗಾಜಿನ ಪೆಟ್ಟಿಗೆಯೇ ಆಗಲಿ ಎಂದು ತೀರ್ಮಾನವಾಗಿದೆ. ಬಡಗಿ ಚಿಕ್ಕ ಚೌಕಟ್ಟು ಮಾಡುತ್ತಿದ್ದಾನೆ. ಈಗ ಮೆಟ್ಟಿಲ ಮೇಲೆ ನಡೆದಿರುವುದು ಕೊನೆಯ ಹೊಲಿಗೆ. ಖಾಲಿ ಕಂಬದ ಕೆಳಗೆ ತುತ್ತೂರಿ ತಾತ ಇಂದೂ ಬಂದು ನಿಂತಿದ್ದಾರೆ. ಎತ್ತ ನೋಡಬೇಕೆಂದು ತಿಳಿಯದೆ ನೆಲ ನೋಡುತ್ತಿದ್ದಾರೆ.

ಸೂಜಿಯಮ್ಮ ಈಗ ಬೇರೆ ಕೋಣೆಯಲ್ಲಿದ್ದಾರೆ. ಸಭೆಯ ಸಂಜೆಯೇ ಅವರ ಬಟ್ಟೆಯ ಗಂಟು ಮನೆಯ ಹೊರಜಗುಲಿಯಲ್ಲಿತ್ತು. ಅತ್ತಿಗೆ ಬದುಕುವುದು ಅಂಗಡಿಯವರು ಕೊಡುವ ಅಂಗಿಗಳಿಗೆ ಗುಂಡಿ ಹಾಕಿಕೊಂಡು. ಬೆರಳು ಗಟ್ಟಿಯಿದೆ, ಕಣ್ಣು ಮಂಜು. ಗುಂಡಿ ಹಾಕುವುದು ಕೈಗೆ ಗೊತ್ತು, ಸೂಜಿಗೆ ನೂಲು ಪೋಣಿಸುವುದು ಮಾತ್ರ ಆಗದು. ಇಷ್ಟು ಕಾಲ ಸೂಜಿಯಮ್ಮನೇ ಒಂದು ಹಿಡಿ ಸೂಜಿಗೆ ನೂಲು ಪೋಣಿಸಿ, ಪುಟ್ಟ ದಿಂಬಿಗೆ ಚುಚ್ಚಿ ಇಟ್ಟು ಕೆಲಸಕ್ಕೆ ಬರುತ್ತಿದ್ದರು. ಈಗಲೂ ಪೋಣಿಸಿ ಒಯ್ದು, ಮುಚ್ಚಿದ ಬಾಗಿಲ ಹೊಸ್ತಿಲ ಮೇಲಿಟ್ಟು ಬರುತ್ತಾರೆ. ಮೊದಲ ವಾರ ಇಟ್ಟದ್ದು ಇಟ್ಟ ಹಾಗೇ ಇತ್ತು. ಮರುವಾರ ಅದರ ಮೇಲೆ ಧೂಳಿತ್ತು.

"ಮೊನ್ನೆ ಹೋದಾಗ ದಿಂಬು ಹೊಸ್ತಿಲ ಮೇಲೇ ಇತ್ತು" ಎಂದು ಸೂಜಿಯಮ್ಮ ಕೊನೆಯ ಗಂಟು ಹಾಕಿ ಹಲ್ಲಿನಿಂದ ನೂಲು ಕಡಿಯುತ್ತಾರೆ. "ಎತ್ತಿ ನೋಡಿದೆ. ಸೂಜಿ ಅಷ್ಟೂ ಇದ್ವು. ಒಂದರಲ್ಲೂ ನೂಲು ಇರಲಿಲ್ಲ."

ಬಾಗಿಲು?

"ತೆಗೀಲಿಲ್ಲ." ಬಾವುಟವನ್ನು ಮಡಿಸಿ ಪಕ್ಕಕ್ಕಿಟ್ಟು, ಚೀಲದಿಂದ ದಿಂಬನ್ನು ಹೊರತೆಗೆಯುತ್ತಾರೆ. ಬೆಳಕು ಈಗ ಚೆನ್ನಾಗಿದೆ. ಸೂಜಿಯ ಕಣ್ಣನ್ನು ಆಕಾಶಕ್ಕೆ ಹಿಡಿದು, ಬಿಳಿ ನೂಲಿನ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದೊಂದಾಗಿ ಪೋಣಿಸುತ್ತಾರೆ. ಎಂದಿನಂತೆ ತೋಳುದ್ದ ಎಳೆಯದೆ, ಗೇಣಿಗೇ ಕತ್ತರಿಸುತ್ತಾರೆ.

"ಈ ಸಲ ನೂಲು ಗಿಡ್ಡ ಹಾಕ್ತಿದ್ದೀನಿ" ಎನ್ನುತ್ತಾರೆ. "ಬೇಗ ಮುಗೀಲಿ ಅಂತ."