ಟೈಲರಮ್ಮನನ್ನು ಕಚ್ಚಿದ ನೊಣಗಳು

ಕಾಲಾ ಅಜಾರ್ ಜ್ವರ ವಾಸಿಯಾಗಿ ಕೆಲವು ವರ್ಷಗಳಾದ ಮೇಲೆ ಟೈಲರಮ್ಮನ ಮುಖ, ತೋಳುಗಳ ಮೇಲೆ ಮಾಸಲು ಮಚ್ಚೆಗಳೆದ್ದವು. ನೋವಿಲ್ಲ, ತುರಿಕೆಯಿಲ್ಲ. ಅಳತೆ ಕೊಡಲು ಬಂದ ಹೆಂಗಸರು ತೊನ್ನೆಂದು ತಾವೇ ತೀರ್ಮಾನಿಸಿ, ಆಕೆಯ ಕೈ ತಾಗದಂತೆ ಸೆಟೆದು ನಿಂತರು. ಈ ಅವಿವೇಕಕ್ಕೆ ಏನೆನ್ನಬೇಕು? ಅದು ತೊನ್ನಲ್ಲ, ತೊನ್ನಾಗಿದ್ದರೂ ಅಂಟುತ್ತಿರಲಿಲ್ಲ. ಜ್ವರ ತಂದಿದ್ದ ರೋಗಾಣುವೇ ಚರ್ಮದಲ್ಲಿ ಉಳಿದುಕೊಂಡಿತ್ತು. ಅದು ಇನ್ನೊಬ್ಬರಿಗೆ ದಾಟಬೇಕಾದರೆ ರಕ್ತ ಹೀರುವ ಮರಳುನೊಣ ಇಬ್ಬರನ್ನೂ ಕಚ್ಚಬೇಕು.

ಆಕೆಯನ್ನು ಕೊರೆಯುತ್ತಿದ್ದುದು ಗಿರಾಕಿಗಳ ಮಾತಲ್ಲ. ಪಕ್ಕದಲ್ಲೇ ಮಲಗುವ ಮೊಮ್ಮಗಳು ಹಿಂದಿನ ವರ್ಷ ಅದೇ ಜ್ವರದಿಂದ ಹೊಟ್ಟೆಯುಬ್ಬಿ, ಸಾವಿನ ಬಾಯಿಂದ ಪಾರಾಗಿ ಬಂದಿದ್ದಳು. ಅದು ತನ್ನಿಂದ ಹೋದದ್ದೇ? ಮಚ್ಚೆಯಿರುವವರಿಂದ ನೊಣಕ್ಕೆ ರೋಗಾಣು ಹತ್ತುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಸಂಶೋಧನೆ ನಡೆಯುತ್ತಿದೆಯೆಂದು ತಿಳಿದಾಗ ಆಕೆ ತಾನಾಗಿಯೇ ಹೋದಳು.

ಪ್ರಯೋಗಾಲಯದಲ್ಲೇ ಸಾಕಿದ, ರೋಗವಿಲ್ಲದ ನೊಣಗಳ ಡಬ್ಬಿಯನ್ನು ಡಾಕ್ಟರು ಆಕೆಯ ತೋಳಿಗೆ ಬೋರಲಾಗಿ ಕಟ್ಟಿದರು. ಡಬ್ಬಿಯ ಬಾಯಿಗೆ ತೆಳು ಬಲೆಯಿತ್ತು.

"ಹಸಿದಿದಾವಾ, ಡಾಕ್ಟ್ರೇ?"

"ನಿನ್ನೆಯಿಂದ ಏನೂ ಕೊಟ್ಟಿಲ್ಲ, ಅಮ್ಮ."

"ಪಾಪ. ನಮ್ಮನೆ ಸೊಸೆ ಹೊಟ್ಟೆ ತುಂಬಿದ್ರೂ ಕಚ್ತಾಳೆ."

ಕೆಲವು ದಿನಗಳ ಬಳಿಕ ನೊಣಗಳ ಹೊಟ್ಟೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿಯಾಯಿತು. ಆಕೆ ಫಲಿತಾಂಶ ಕೇಳಿದರೆ, ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುವ ಪದ್ಧತಿಯಿಲ್ಲವಂತೆ. ರಕ್ತ ಕೊಟ್ಟವರಿಗೇ ಉತ್ತರವಿಲ್ಲವೆಂಬುದು ಯಾವ ನ್ಯಾಯ?

"ನನ್ನ ರಕ್ತ ಕುಡಿದೋರ ಆರೋಗ್ಯ ನಾನು ವಿಚಾರಿಸಬಾರ್ದಾ?" ಎಂದು ಕೇಳಿದ ಟೈಲರಮ್ಮ, ದನಿ ತಗ್ಗಿಸಿ ಹೇಳಿದಳು: "ಹೋದ ವರ್ಷ ಇದೇ ಜ್ವರ ಬಂದಿದ್ದ ಮೊಮ್ಮಗಳು ನನ್ನ ಮಗ್ಗುಲಲ್ಲೇ ಮಲಗೋದು, ಡಾಕ್ಟ್ರೇ."

ಡಾಕ್ಟರು ಮೇಲಿನವರ ಒಪ್ಪಿಗೆ ಪಡೆದು ಮರುವಾರ ಕರೆಸಿದರು.

"ನೊಣಕ್ಕೆ ಹತ್ತಿದೆ, ಅಮ್ಮ. ಆದ್ರೆ ಮಗೂಗೆ ನಿಮ್ಮಿಂದಲೇ ಬಂತು ಅಂತ ಹೇಳೋಕಾಗಲ್ಲ. ಬಂದಿರಬಹುದು, ಅಷ್ಟೇ. ಮೂರು ತಿಂಗಳು ಮಾತ್ರೆ ತಗೊಳ್ಳಿ, ಬಿಡಬೇಡಿ."

ಬಚ್ಚಿಡಬಹುದಿತ್ತು. ಟೈಲರಮ್ಮ ನೇರವಾಗಿ ಮನೆಗೆ ಬಂದು, ಗುಂಡಿ ಹೊಲಿಯುತ್ತಿದ್ದ ಸೊಸೆಯೆದುರು ಕುಳಿತು ಎಲ್ಲವನ್ನೂ ಹೇಳಿದಳು. 'ಬಂದಿರಬಹುದು' ಎಂಬ ಮಾತನ್ನೂ ಬಿಡಲಿಲ್ಲ.

ಸೊಸೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ನಿಮಗೂ ಯಾರಿಂದಲೋ ಬಂದಿದ್ದೇ ತಾನೇ, ಅತ್ತೆ. ಮಾತ್ರೆ ಮುಗಿಯೋ ತನಕ ಅವಳು ನನ್ನ ಹತ್ರ ಮಲಗ್ಲಿ."

"ಆಮೇಲೆ?"

"ಆಮೇಲೆ ನೀವೇ ಇಟ್ಕೊಳ್ಳಿ. ನಿದ್ದೇಲಿ ಒದೀತಾಳೆ."

ಟೈಲರಮ್ಮ ಎದ್ದು, ಮೊಮ್ಮಗಳ ದಿಂಬನ್ನು ತಾನೇ ಒಯ್ದು ಸೊಸೆಯ ಹಾಸಿಗೆಯ ಮೇಲಿಟ್ಟಳು.