ಹೊಳಪು ನುಂಗಿದ ಕೊಳವೆ

ಚಿಂಚೋಳಿಯ ಬಜಾರಿನಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ರಾಜ್ಯಕ್ಕೆ ಆಗ ಇನ್ನೂ ಮೈಸೂರು ಎಂದೇ ಹೆಸರು. ಮದುವೆ, ನಾಮಕರಣ, ಪರೀಕ್ಷೆಯ ಅರ್ಜಿಗೆ ಅಂಟಿಸುವ ಮುಖಗಳು, ಅಪರೂಪಕ್ಕೆ ಪೊಲೀಸರ ಕರೆ. ಇಷ್ಟೇ ನನ್ನ ಕೆಲಸ.

ಒಂದು ಚಳಿಗಾಲ ಹತ್ತಿರದ ಊರಿನ ಗೌಡರು ರೈಫಲ್ಲನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದರು. ಜಿಂಕೆಗಳಿಂದ ಬೆಳೆ ಕಾಯಲೆಂದು ಲೈಸೆನ್ಸ್ ಪಡೆದದ್ದು. ಅವರ ತಂದೆ ಹೈದರಾಬಾದಿನಿಂದ ತಂದ ಆ ರೈಫಲ್ಲಿನ ಮೇಲೆ ಗುರಿ ನೋಡುವ ದುರ್ಬೀನು ಇತ್ತು.

"ಮಾಸ್ತರ, ಸಂಜಿಗೆ ಚಿಗರಿ ಹಿಂಡು ಕಡ್ಲಿ ಹೊಲಕ್ಕ ಇಳೀತಾವ," ಎಂದರು. "ನಾ ಹೊಲದಾಗಿನ ಅಟ್ಟದ ಮ್ಯಾಲ ಕುಂತು ಗುರಿ ಹಿಡದ್ರ ಸಾಕು, ಈ ಗಾಜು ಬಿಸಲಿಗೆ ಹೊಳೀತದ. ಅವು ಓಡಿ ಹೋಗ್ತಾವ. ನಿಮ್ಮ ಕ್ಯಾಮೆರಾಕ್ಕ ಮುಂದ ಒಂದು ಟೊಪಗಿ ಹಾಕ್ತೀರಲ್ಲ, ಹಂಗ ಒಂದು ಮಾಡಿ ಕೊಡ್ರಿ."

"ನೋಡ್ತೀನ್ರಿ."

"ನಮ್ಮ ಹುಡುಗಿ ಮದಿವಿ ಫೋಟೋದಾಗ ಬೀಗರ ಮೂಗು ದಪ್ಪ ಮಾಡಿದ್ರಿ. ಇದನ್ನರ ನೆಟ್ಟಗ ಮಾಡ್ರಿ."

ನೆಟ್ಟಗೆ ಮಾಡಬೇಕೆಂಬ ಹಟ ನನಗೂ ಇತ್ತು. ಚಹಾ ಡಬ್ಬಿಯ ತಗಡನ್ನು ಕತ್ತರಿಸಿ, ದುರ್ಬೀನಿನ ಮುಂದಿನ ಬಾಯಿಗೆ ಬಿಗಿಯಾಗಿ ಕೂರುವಂತೆ ಗೇಣುದ್ದದ ಕೊಳವೆ ಸುತ್ತಿದೆ. ಒಳಗೆ ಕರಿ ಬಣ್ಣ ಬಳಿದೆ. ಒಣಗಿದ ಮೇಲೆ ನೋಡಿದರೆ ಬಣ್ಣವೇ ಹೊಳೆಯುತ್ತಿತ್ತು. ಅದನ್ನು ಕೆರೆದು ತೆಗೆದೆ. ಫೋಟೋ ಅಚ್ಚು ಹಾಕುವ ಕಾಗದಕ್ಕೆ ಬೆಳಕು ತಾಗದಿರಲೆಂದು ಕಂಪನಿಯವರು ಕರಿ ಕಾಗದ ಸುತ್ತಿ ಕಳಿಸುತ್ತಾರೆ. ಅದಕ್ಕೆ ಒಂದಿಷ್ಟೂ ಹೊಳಪಿಲ್ಲ. ಅದನ್ನೇ ಒಳಮೈಗೆ ಅಂಟಿಸಿದೆ.

ಪರೀಕ್ಷೆ ಮಾಡಿದ್ದು ಗೌಡರ ಮಾಳಿಗೆಯಿಂದ. ಗುಂಡು ಹಾರದಿರಲೆಂದು ರೈಫಲ್ಲಿನ ಬೋಲ್ಟು ತೆಗೆದು ನನ್ನ ಜೇಬಿನಲ್ಲಿ ಇಟ್ಟುಕೊಂಡೆ. ಅವರು ಮಾಳಿಗೆಯ ಮೇಲೆ ಗುರಿ ಹಿಡಿದು ಕುಳಿತರು. ನಾನು ಕೆಳಗಿಳಿದು ದೂರ ಹೋಗಿ ನಿಂತೆ, ಇಳಿಬಿಸಿಲು ನನ್ನ ಬೆನ್ನಿಗಿತ್ತು. ಕೊಳವೆ ಇಲ್ಲದಾಗ ಬಾವಿಯ ತನಕ ನಡೆದರೂ ಗಾಜು ಬೆಳ್ಳಗೆ ಮಿಂಚುತ್ತಿತ್ತು. ಕೊಳವೆ ಸಿಕ್ಕಿಸಿದ ಮೇಲೆ ಎಡಕ್ಕೆ ಸರಿದೆ, ಬಲಕ್ಕೆ ಸರಿದೆ. ಏನೂ ಕಾಣಲಿಲ್ಲ. ಗೌಡರೇ ಕಾಣಲಿಲ್ಲ ಎಂದರೂ ಸರಿ.

"ಕಾಣವಲ್ದ್ರಿ," ಎಂದು ಕೂಗಿದೆ. ನನಗೆ ಸಂತೋಷವಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಎಂಟು ಹತ್ತು ದಿನ ಕಳೆದಿರಬೇಕು. ಬೆಳಿಗ್ಗೆ ಪೊಲೀಸ್ ಜಮಾದಾರರು ಸ್ಟುಡಿಯೋಕ್ಕೆ ಬಂದು ಕ್ಯಾಮೆರಾ ತೆಗೆದುಕೊಳ್ಳಲು ಹೇಳಿದರು. ಹಿಂದಿನ ಸಂಜೆ ಗೌಡರ ಗುಂಡು ಒಬ್ಬ ಹೆಂಗಸಿನ ಬಲಗೈಗೆ ಬಿದ್ದಿತ್ತು. ಕಡಲೆ ಹೊಲದ ನಡುವಿನ ತೊಗರಿ ಸಾಲಿನಲ್ಲಿ ಕಂದು ಬಣ್ಣದ್ದೇನೋ ಅಲುಗಿತು, ಚಿಗರಿ ಎಂದುಕೊಂಡೆ ಎಂದು ಗೌಡರು ಹೇಳಿದ್ದರು. ಅವರೇ ಅವಳನ್ನು ಗಾಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ತಂದಿದ್ದರು. ಆದರೆ ಠಾಣೆಯಲ್ಲಿ ಇನ್ನೊಂದು ಮಾತನ್ನೂ ಹೇಳಿದ್ದರು: ತೊಗರಿಕಾಯಿ ಹರಿಯಲು ಅವಳು ಕದ್ದು ಬಂದಿದ್ದಳು, ಅದಕ್ಕೇ ಬಗ್ಗಿ ನಡೆಯುತ್ತಿದ್ದಳು. ಬೇಕೆಂದೇ ಹೇಳಿದರೋ, ಹಾಗೆಯೇ ನಂಬಿದ್ದರೋ, ನನಗೆ ಇಂದಿಗೂ ತಿಳಿಯದು.

ಹೊಲದಲ್ಲಿ ನಾಲ್ಕು ಫೋಟೋ ತೆಗೆದೆ. ಪೂರ್ವದ ಬದುವಿನ ಮೇಲಿದ್ದ ಅಟ್ಟ. ಗುಡ್ಡದ ಅಡವಿಯಿಂದ ಬರುವ ಕಾಲುದಾರಿ. ಬಿದ್ದ ಕಟ್ಟಿಗೆ ಹೊರೆ. ತೊಗರಿ ಎಲೆಯ ಮೇಲೆ ಒಣಗಿದ ರಕ್ತ. ಕೊಳವೆಯ ನೆನಪು ಬಂದಿತ್ತು. ಮನುಷ್ಯರನ್ನು ಚಿಗರಿ ಎಂದು ತಿಳಿದದ್ದಕ್ಕೆ ಅದು ಕಾರಣವಲ್ಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಹಗುರಾಗಿದ್ದೆ.

ಅಲ್ಲಿಂದ ದವಾಖಾನೆಗೆ ಹೋದೆವು. ಅವಳಿಗೆ ಮೂವತ್ತರ ಆಸುಪಾಸು. ಕೈಗೆ ಮೊಣಕೈವರೆಗೂ ಪಟ್ಟಿ. ಅವಳ ಅತ್ತೆ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು. ಸೊಸೆ ಕಳ್ಳತನಕ್ಕೆ ಹೋಗಿದ್ದಳು ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ಮುದುಕಿ ಒಳಗೆ ಕಾಲಿಟ್ಟಿಲ್ಲ ಎಂದು ಕಂಪೌಂಡರು ಹೇಳಿದರು.

ಜಮಾದಾರರು ಕಾಗದ ಬಿಚ್ಚಿದರು. "ಗೌಡ್ರು ಅಟ್ಟದ ಮ್ಯಾಲ ಇದ್ದದ್ದು ಗೊತ್ತಿದ್ದೂ ಯಾಕ ಹೋದಿ?"

"ಗೊತ್ತಿರಲಿಲ್ರಿ."

"ದಿನಾ ಕುಂದುರ್ತಾರಲ್ಲವಾ."

"ದಿನಾ ಕುಂದರಂಗಿಲ್ರಿ. ಕುಂತ ದಿನ ಅಟ್ಟದ ಮ್ಯಾಲ ಕನ್ನಡಿ ಹೊಳದಂಗ ಹೊಳೀತದ. ಹೊಳದ್ರ ನಾವು ಹೆಣ್ಮಕ್ಕಳು ಹಳ್ಳದ ಹಾದಿ ಹಿಡೀತಿದ್ವಿ. ನಿನ್ನಿ ಎರಡು ಸಲ ನೋಡ್ದೆ. ಹೊಳೀಲಿಲ್ಲ. ಹೊರಿ ಭಾರಿತ್ತು, ಹೊಲದಾಗಿಂದ ಬಂದೆ."

ಜಮಾದಾರರು ನಕ್ಕರು. "ಅಟ್ಟದ ಮ್ಯಾಲ ಕನ್ನಡಿ ಎಲ್ಲಿಂದ ಬಂತವಾ? ಗೌಡ್ರು ಅಲ್ಲಿ ಕುಂತು ಕ್ರಾಪು ತೀಡ್ಕೋತಾರೇನು?"

ಅವಳು ಬಾಗಿಲ ಕಡೆ, ಅತ್ತೆ ಕುಳಿತ ಕಟ್ಟೆಯ ಕಡೆ ನೋಡಿದಳು. ನಾನು ಕ್ಯಾಮೆರಾದ ಗಾಜು ಒರೆಸುತ್ತ ನಿಂತಿದ್ದೆ. ಒರೆಸುವುದು ಮುಗಿದಿತ್ತು, ಆದರೂ ಒರೆಸುತ್ತಿದ್ದೆ. ಚಿಗರಿಗಳ ಕಣ್ಣಿಗೆ ಬೀಳುವುದು ಮನುಷ್ಯರ ಕಣ್ಣಿಗೂ ಬೀಳುತ್ತದೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

"ಆಕಿ ಹೇಳೋದು ಖರೇ ಅದರಿ," ಎಂದೆ. "ದುರ್ಬೀನಿನ ಗಾಜು ಹೊಳೀತಿತ್ತು. ಹೊಳೀಬಾರದಂತ ಅದಕ್ಕ ಕೊಳವಿ ಮಾಡಿ ಕೊಟ್ಟಾಂವ ನಾನು."

"ನೀವು ಫೋಟೋ ತೆಗೀಲಿಕ್ಕ ಬಂದೀರಿ, ಮಾಸ್ತರ."

"ಇದನ್ನೂ ಬರಕೋರಿ."

"ಬರದ್ರ ನಿಮ್ಮ ಹೆಸರೂ ಬರ್ತದ. ಗೌಡ್ರ ಮನಿ ಕೆಲಸಾನೂ ಹೋಗ್ತದ."

"ಬರೀರಿ."

ಅವರು ಕಂಪೌಂಡರ ಬಳಿ ಶಾಯಿ ಕೇಳಿದರು. ನಾನು ಹೇಳಿದ್ದನ್ನು ಬರೆದರು, 'ಕದ್ದು ಬಂದಳು' ಎಂಬುದರ ಮೇಲೆ ಗೆರೆ ಎಳೆದು, ಕಟ್ಟಿಗೆ ಹೊತ್ತು ಮನೆಗೆ ಹೊರಟಿದ್ದಳು, ಕಳವಿಗೆ ಬಂದವಳಲ್ಲ ಎಂದು ಸೇರಿಸಿದರು. ನಾನು ಸಹಿ ಮಾಡಿದೆ.

ಅವಳು ನನ್ನನ್ನು ನೋಡಿ, "ಆ ಕೊಳವಿ ನೀ ಮಾಡಿದ್ದೇನಣ್ಣಾ?" ಎಂದಳು.

"ಹೌದವ್ವ."

ಬೈದರೆ ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ. ಬಹಳ ದಣಿದಿದ್ದಳು. ಎರಡು ಬೆರಳು ಇನ್ನು ಮಡಚುವುದಿಲ್ಲವೆಂದು ಡಾಕ್ಟರು ಆಗಲೇ ಹೇಳಿದ್ದರು.

"ಕಳ್ಳಿ ಅಲ್ಲಂತ ಬರದಾರೇನು?"

"ಬರದಾರ."

"ಹಂಗಾದ್ರ ನಮ್ಮತ್ತಿನ್ನ ಕರೀರಿ. ಬಾಯಿಲೆ ಹೇಳಬ್ಯಾಡ್ರಿ, ಆಕಿ ನಂಬಂಗಿಲ್ಲ. ಕಾಗದ ಓದ್ರಿ."

ನಾನೇ ಹೋಗಿ ಕರೆದೆ. ಮುದುಕಿ ಹೊಸ್ತಿಲ ಹೊರಗೇ ನಿಂತಳು, ಒಳಗೆ ಬರಲಿಲ್ಲ. ಜಮಾದಾರರು ಕಾಗದವನ್ನು ನನ್ನ ಕೈಗೆ ಕೊಟ್ಟು ಬೀಡಿ ಹಚ್ಚಲು ಆಚೆ ಹೋದರು. ನಾನು ಓದಿದೆ. ನನ್ನ ಹೆಸರು ಬಂದ ಕಡೆ ದನಿ ಸಣ್ಣದಾಯಿತು.

"ಕೇಳಲಿಲ್ಲ," ಎಂದಳು ಮುದುಕಿ. "ಜೋರಾಗಿ ಓದು."

ಮೊದಲಿನಿಂದ ಮತ್ತೆ ಓದಿದೆ.