ಸಣ್ಣ ಹೆಬ್ಬೆಟ್ಟು

ಹೋದ ವಾರ ಅಂಚೆ ಕಚೇರಿಯ ಸಾಲಿನಲ್ಲಿ ನನ್ನ ಮುಂದಿದ್ದ ಹೆಂಗಸು ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ, ಬೆರಳಿಗೆ ಉಳಿದ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಎಣ್ಣೆಯ ಜೊತೆ ಮಸಿಯ ವಾಸನೆ ಬೆರೆತು ಮೂಗಿಗೆ ಬಂತು. ಸಾಲು ಬಿಟ್ಟು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಕಾಲ ಕೆಳಗೆ ಕಬ್ಬಿಣ ಅದುರುತ್ತಿರುವಂತೆ ಅನ್ನಿಸಿತು... ಇಷ್ಟು ವರ್ಷಗಳ ಮೇಲೂ.

ಅರವತ್ತರ ದಶಕದ ಮೊದಲ ವರ್ಷಗಳವು. ಬಿ.ಎ. ಮುಗಿಸಿ ದಾವಣಗೆರೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ಶಿಕ್ಷಕಿಯಾಗಿ ಸೇರಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹದಿನೈದು ವರ್ಷ, ತಾಯಿ ಇಲ್ಲ, ತಂದೆಗೆ ಬಟ್ಟೆ ಮಿಲ್ಲಿನಲ್ಲಿ ಮೊದಲ ಪಾಳಿ. ಬೆಳಗಿನಿಂದ ತಲೆ ಬಗ್ಗಿಸಿ ಮುದ್ದಾಗಿ ಬರೆಯುತ್ತಿದ್ದವಳು ಮಧ್ಯಾಹ್ನ ಮೂರರ ಮೇಲೆ ಬೇರೆಯೇ ಆಗುತ್ತಿದ್ದಳು. ಪಕ್ಕದವಳ ಜಡೆ ಜಗ್ಗುವುದು, ಮಸಿಕುಡಿಕೆ ಉರುಳಿಸುವುದು, ಹೆಸರು ಕರೆದರೆ ಡೆಸ್ಕು ಒದೆಯುವುದು. ಒಮ್ಮೆ ನನ್ನ ಮುಂಗೈಯನ್ನೇ ಕಚ್ಚಿದಳು. ಮೂರಕ್ಕೆ, ಮೊದಲ ಪಾಳಿ ಬಿಡುವಾಗ, ಮಿಲ್ಲಿನ ಕೂಗು ಆಗುತ್ತಿತ್ತು. ಊರೆಲ್ಲ ಅದನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿತ್ತು, ನಾನೂ ಕೂಡ. ಅದಕ್ಕೂ ಈ ಹುಡುಗಿಗೂ ಸಂಬಂಧವಿದ್ದೀತೆಂದು ನನಗೆ ಹೊಳೆಯಲಿಲ್ಲ.

ತಂಟೆ ಮಾಡಿದವರ ಮನೆಗೆ ಚೀಟಿ ಬರೆದು ಕಳಿಸುವುದು ನಮ್ಮ ಶಾಲೆಯ ಪದ್ಧತಿ. ಮರುದಿನ ಅದು ತಂದೆಯ ಸಹಿಯೋ ಹೆಬ್ಬೆಟ್ಟೋ ಹೊತ್ತು ವಾಪಸ್ ಬರಬೇಕು. ಮೊದಲ ಚೀಟಿಯ ಮರುದಿನ ಅವಳು ಬೆಂಚಿನ ಮೇಲೆ ಕೂಡದೆ ನಿಂತೇ ಪಾಠ ಕೇಳಿದಳು. ಹಟ ಎಂದುಕೊಂಡು ಇನ್ನೊಂದು ಚೀಟಿ ಬರೆದೆ.

ಆ ಚಳಿಗಾಲ ಹುಡುಗಿಯರನ್ನು ರೈಲಿನಲ್ಲಿ ಹರಿಹರಕ್ಕೆ ಕರೆದುಕೊಂಡು ಹೋದೆವು, ನಾನು ಮತ್ತು ಶಾಲೆಯ ಆಯಾ. ದೇವಸ್ಥಾನ ನೋಡಿ, ರೈಲು ಸೇತುವೆಯ ಹತ್ತಿರ ಹೊಳೆದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಹಿಂದಿನ ದಿನದ ಚೀಟಿ ಎಲ್ಲಿ ಎಂದು ಅವಳನ್ನು ಕೇಳಿದೆ. ಕೊಟ್ಟಳು. ಬಿಸಿಲಿಗೆ ಹಿಡಿದು ನೋಡಿದರೆ ಹೆಬ್ಬೆಟ್ಟು ತೀರ ಸಣ್ಣದು.

"ಇದು ಯಾರದು?"

"ನಮ್ಮಪ್ಪಂದ್ರಿ."

ಪಕ್ಕದಲ್ಲಿದ್ದವಳು ಬಗ್ಗಿ ನೋಡಿ, "ನಿಮ್ಮಪ್ಪ ಇನ್ನೂ ತೊಟ್ಟಿಲಾಗೆ ಅದಾನೇನೆ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಳ್ಳತನ ಹಿಡಿದ ಹೆಮ್ಮೆಯಲ್ಲಿ, ನಾಳೆ ನಿಮ್ಮಪ್ಪನನ್ನೇ ಶಾಲೆಗೆ ಕರೆಸುತ್ತೇನೆ ಎಂದೆ.

ಮಂಡಕ್ಕಿ ಹಂಚಿ ಮುಗಿದಿರಲಿಲ್ಲ, ಆಯಾ ಚೀರಿದಳು. ಹುಡುಗಿ ಸೇತುವೆಯ ಮೇಲೆ, ಹಳಿಗಳ ನಡುವೆ ನಡೆದು ಹೋಗುತ್ತಿದ್ದಳು. ಆಚೆ ದಂಡೆಗೆ ಹೊರಟಿದ್ದಳೋ, ನೀರಿಗೋ... ನನಗೆ ಈಗಲೂ ಗೊತ್ತಿಲ್ಲ.

ಸೀರೆ ಎತ್ತಿ ಕಟ್ಟಿ ಓಡಿದೆ. ಹಳಿಯ ದಿಮ್ಮಿಗಳ ಸಂದಿಯಲ್ಲಿ ಹೊಳೆ ಕಾಣುತ್ತಿತ್ತು. ಅವಳು ಚುರುಕಾಗಿಯೇ ಹೋಗುತ್ತಿದ್ದಳು. ಆಚೆಯಿಂದ ರೈಲು ಕೂಗಿದ್ದೇ ತಡ, ನಿಂತುಬಿಟ್ಟಳು. ಓಡಲಿಲ್ಲ, ತಿರುಗಲಿಲ್ಲ. ಎರಡೂ ಕೈಯಿಂದ ತಲೆ ಮುಚ್ಚಿಕೊಂಡು, ಬೆನ್ನು ಬಗ್ಗಿಸಿ ಹಳಿಯ ನಡುವೆಯೇ ಕುಕ್ಕರಿಸಿದಳು. ರಟ್ಟೆ ಹಿಡಿದು ಎಳೆದೆ. ಕಲ್ಲಿನಂತೆ ಕೂತಿದ್ದಳು.

"ಅಪ್ಪಗೆ ಹೇಳಬ್ಯಾಡ್ರಿ ಅಕ್ಕೋರೆ."

"ಹೇಳಲ್ಲ. ಆಣೆ ಐತೆ, ಏಳು."

ಎದ್ದಳು. ಹಳಿ ರಿಪೇರಿಯವರು ನಿಲ್ಲಲು ಸೇತುವೆಯ ಪಕ್ಕದಲ್ಲಿ ಸಣ್ಣದೊಂದು ಅಟ್ಟಣೆ ಇತ್ತು. ಅದರೊಳಗೆ ಅವಳನ್ನು ಅಪ್ಪಿ ನಿಂತೆ. ರೈಲು ಬೆನ್ನಿಗೆ ತಾಗಿದಂತೆಯೇ ಹಾದುಹೋಯಿತು. ಡಬ್ಬಿಗಳು ಮುಗಿಯಲೇ ಇಲ್ಲ... ನನ್ನ ಮುಖ ಅವಳ ಕೂದಲಲ್ಲಿತ್ತು. ಕೂದಲಿನಿಂದ ಮಸಿಯ ವಾಸನೆ ಬರುತ್ತಿತ್ತು. ಕಳ್ಳ ಹೆಬ್ಬೆಟ್ಟನ್ನು ಅವಳು ಅಲ್ಲಿ ಒರೆಸಿಕೊಂಡಿದ್ದಳು.

ವಾಪಸ್ ಬರುವಾಗ ಆಯಾ ನನ್ನ ಪಕ್ಕ ಕೂತು ಹೇಳಿದಳು. ಅವಳದೂ ಅದೇ ಓಣಿ. "ಕೂಗಾಗಿ ಆಯಪ್ಪ ಬಂದ ಅಂದ್ರೆ ಆ ಮನೆ ಬಾಗ್ಲು ಹಾಕ್ತಾನ್ರಿ, ಹೊಡೆಯೋ ಸಪ್ಪಳ ಓಣಿಗೆಲ್ಲ ಕೇಳ್ತೈತೆ. ಈ ಕೂಸು ಅಂಬೆಗಾಲಿಡ್ತಿದ್ದಾಗ್ಲಿಂದ ಹಂಗೇ ಐತೆ."

ಮರುದಿನ ಹುಡುಗಿಯರಿಂದ ಸುದ್ದಿ ಮುಖ್ಯೋಪಾಧ್ಯಾಯಿನಿಯವರಿಗೆ ಮುಟ್ಟಿತು. ನಾಳೆ ಏನಾದರೂ ಆದರೆ ಶಾಲೆಯ ತಲೆಗೆ ಬರುತ್ತದೆ, ತಂದೆಗೆ ತಿಳಿಸಿ, ಹುಡುಗಿಯ ಹೊಣೆ ತನ್ನದೇ ಎಂದು ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ ಎಂದರು. ನಿಮ್ಮ ಅಕ್ಷರ ದುಂಡಗಿದೆ, ನೀವೇ ಬರೆಯಿರಿ ಎಂದರು. ಆಯಾ ಹೇಳಿದ್ದನ್ನು ಅವರಿಗೆ ಹೇಳಬೇಕೆಂದು ಬಾಯಿ ತೆರೆದೆ. ಕಾಯಂ ಆಗದ ಕೆಲಸ ನೆನಪಾಯಿತು. ಬರೆದೆ.

ಮೂರೂವರೆಗೆ ತಂದೆ ಬಂದ. ತಲೆಯಲ್ಲಿ ಹತ್ತಿಯ ಎಳೆಗಳಿದ್ದವು. ಮೆಲುಮಾತಿನ ಮನುಷ್ಯ. ನಾನು ಓದಿ ಹೇಳಿದ್ದನ್ನು ಕೈಕಟ್ಟಿ ನಿಂತು ಕೇಳಿ ಹೆಬ್ಬೆಟ್ಟು ಒತ್ತಿದ. ನನ್ನ ಮೂರು ಅಕ್ಷರ ಅದರಡಿ ಮುಚ್ಚಿಹೋದವು.

"ತಪ್ಪಾತ್ರಿ ಅಕ್ಕೋರೆ. ಇನ್ನ ಮ್ಯಾಲೆ ನಿಮಗೆ ತ್ರಾಸ ಕೊಡಲ್ಲ ಆಕಿ."

ಬಾಗಿಲ ಬಳಿ ನಿಂತಿದ್ದ ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದಾಗ ನೋಟ್‌ಬುಕ್ಕನ್ನು ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು. ಆಮೇಲೆ ಶಾಲೆಗೆ ಬರಲಿಲ್ಲ. ವಾರ ಬಿಟ್ಟು ಓಣಿಗೆ ಹೋದರೆ ಮನೆಗೆ ಬೀಗ. ಎಲ್ಲಿಗೆ ಹೋದರೆಂದು ಆಯಾಗೂ ಗೊತ್ತಿರಲಿಲ್ಲ.

ಅಂಥ ಮಕ್ಕಳ ಬಗ್ಗೆ ಆಮೇಲೆ ಬಹಳ ಓದಿದೆ. ವರ್ಷಗಟ್ಟಲೆ ಹೆದರಿಕೆಯಲ್ಲಿ ಬೆಳೆದ ಮೈ, ಪೆಟ್ಟು ಬೀಳುವ ಮೊದಲೇ ಕಚ್ಚುತ್ತದೆ, ಇಲ್ಲವೇ ಕಲ್ಲಾಗುತ್ತದೆ ಎಂದು ತಿಳಿಯಿತು. ಪುಸ್ತಕ ಬೇಕಿರಲಿಲ್ಲ. ಅವಳ ನೋಟ್‌ಬುಕ್ ನನ್ನ ಮೇಜಿನ ಮೇಲೇ ಇತ್ತು. ಮೂರು ಗಂಟೆಯವರೆಗಿನ ಅಕ್ಷರ ಮುದ್ದಾಗಿತ್ತು, ಅಲ್ಲಿಂದಾಚೆ ಕಾಗದ ತೂತಾಗುವಷ್ಟು ಒತ್ತಿ ಬರೆದಿದ್ದಳು.

ಮೆಟ್ಟಿಲಿನಿಂದ ಎದ್ದು ಮತ್ತೆ ಅಂಚೆ ಕಚೇರಿಯೊಳಗೆ ಹೋದೆ. ಆ ಹೆಂಗಸು ಹೋಗಿಬಿಟ್ಟಿದ್ದಳು. ಗುಮಾಸ್ತ ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಇನ್ನೂ ಆರದ ಅವಳ ಹೆಬ್ಬೆಟ್ಟಿನ ಕೆಳಗೆ ಜಾಗ ತೋರಿಸಿದ. ಸಹಿ ಹಾಕಿದೆ. ನನ್ನ ಅಕ್ಷರ ಈಗಲೂ ದುಂಡಗೇ ಇದೆ.